ಅರವತ್ತು ಜನರ ಅಂಗಳ

ದೊಡ್ಡ ಸಾಮಾಜಿಕ ಜಾಲತಾಣ ಬಿಟ್ಟ ದಿನ ನನಗಾದಷ್ಟು ಖುಷಿ ಬಿ.ಎಡ್. ಪಾಸಾದ ದಿನವೂ ಆಗಿರಲಿಲ್ಲ. ಹಾಗಂತ ಸುಮ್ಮನೆ ಬಿಟ್ಟವಳಲ್ಲ. ಜಗಳವಾಡಿಕೊಂಡೇ ಬಿಟ್ಟೆ, ಅದೂ ನನ್ನೊಂದಿಗೇ.

ನಮ್ಮವ್ವನ ತವರು ಮೂಗೂರು. ಅಲ್ಲಿಂದ ಆಕೆ ನಂಜನಗೂಡಿಗೆ ತಂದ ಒಂದು ರಂಗೋಲಿ ಇತ್ತು. ಏಳು ಸಾಲು ಚುಕ್ಕಿ, ಅವುಗಳ ಸುತ್ತ ಒಂದೇ ಎಳೆ. ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಕೂಡಬೇಕು. ಧನುರ್ಮಾಸದಲ್ಲಿ ಮಾತ್ರ ಅದನ್ನು ಬರೆದು, ನಡುವೆ ಸೆಗಣಿ ಉಂಡೆ ಇಟ್ಟು ಕುಂಬಳದ ಹೂವು ಸಿಕ್ಕಿಸುತ್ತಿದ್ದಳು. ಮಂಡಿ ಆಪರೇಷನ್ ಆದಮೇಲೆ ಆಕೆಗೆ ಬಗ್ಗಲಾಗದೆ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈಯಲ್ಲಿ ಯಾಕೋ ಪ್ರತಿಸಲ ಎಳೆ ಎರಡಾಗುತ್ತಿತ್ತು. ಬರೆದು ತೋರಿಸು ಎಂದು ಕಾಗದ ಕೊಟ್ಟರೆ ಅವ್ವ ಪೆನ್ನು ಹಿಡಿದು ಕೂತು, "ನೆಲದ ಮ್ಯಾಲೆ ಬರೋದು ಇಲ್ಲಿ ಬರಾಕಿಲ್ಲ ಕಣವ್ವ" ಎಂದು ವಾಪಸು ಕೊಡುವಳು. ಆಕೆಯ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಕೋಲೂರಿ ನಿಂತು ನೋಡಿ, "ಇದಲ್ಲ. ಎಳೆ ಕೂಡೋಗಂಟ ಊವ ಮಡಗಬ್ಯಾಡ" ಎನ್ನುವಳು. ಎರಡು ಧನುರ್ಮಾಸ ಹೂವಿಲ್ಲದೆ ಕಳೆದವು. ಮೂರನೆಯದೂ ಶುರುವಾದಾಗ ನನಗೆ ಅಳುವೇ ಬಂತು.

ಬಲ್ಲವರು ಯಾರಾದರೂ ತಿದ್ದಲಿ ಎಂದೇ ಅದರ ಫೋಟೊಗಳನ್ನು ದೊಡ್ಡ ತಾಣದಲ್ಲಿ ಹಾಕುತ್ತಿದ್ದೆ. ಹಾಕಿದ ಕೂಡಲೇ ಮೆಚ್ಚುಗೆಯ ಸುರಿಮಳೆ. "ಸೂಪರ್ ಅಕ್ಕ", ಕೈಮುಗಿದ ಚಿತ್ರ, ಹೃದಯದ ಚಿತ್ರ. "ಎಳೆ ಎಲ್ಲಿ ತಪ್ಪಿದೆ ಹೇಳಿ" ಎಂದು ಕೇಳಿದರೆ ಅದಕ್ಕೂ ಸೂಪರ್. ನಿಜ ಹೇಳಬೇಕೆಂದರೆ, ತಪ್ಪು ರಂಗೋಲಿಗೆ ಸಿಕ್ಕ ಹೊಗಳಿಕೆಯನ್ನೂ ನಾನು ಬಿಡದೆ ಎಣಿಸುತ್ತಿದ್ದೆ.

"ಎಷ್ಟ್ ಜನ ಮೆಚ್ಚುದ್ರು?" ಎಂದು ಅವ್ವ ಕೇಳುವಳು. ಮುನ್ನೂರು ಎಂದರೆ, "ಅಷ್ಟ್ ಜನದಲ್ಲಿ ಒಬ್ಬಳ್ಗೂ ಕಣ್ಣಿಲ್ವಾ?" ಎನ್ನುವಳು.

ನಾನು ಪಾಠ ಹೇಳುವುದು ತಿ. ನರಸೀಪುರದ ಒಂದು ಶಾಲೆಯಲ್ಲಿ. ಅಲ್ಲಿನ ಗಣಿತದ ಮೇಡಂ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಒಂದು ಪುಟ್ಟ ತಾಣದ ವಿಷಯ ಹೇಳಿದರು. "ರಂಗೋಲಿ, ಹಸೆ ಬರೆಯೋರು ಸೇರ್ಕೊಂಡು ನಡೆಸ್ತಾರೆ ಕಣ್ರೀ. ಅರವತ್ತೇ ಜನ. ಮೆಚ್ಚೋ ಬಟನ್ನೇ ಇಲ್ಲ. ಏನಾದ್ರೂ ಹೇಳ್ಬೇಕು ಅಂದ್ರೆ ಬರೀಬೇಕು."

ಬಟನ್ ಇಲ್ಲದ ಮೇಲೆ ಅಲ್ಲೇನು ಮಣ್ಣು ಸಿಗುತ್ತದೆ ಎಂದು ಮೂಗು ಮುರಿದೆ. ಆದರೂ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕ ಖುಷಿಗೆ ಅಲ್ಲಿ ಸೇರಿ, ಬೆಳಗಿನ ಫೋಟೊ ಹಾಕಿದೆ. ನಂಜನಗೂಡು ಬರುವವರೆಗೂ ಒಂದು ಸದ್ದಿಲ್ಲ. ಬಸ್ಸಿಳಿದು ಮನೆ ಕಡೆ ಹೆಜ್ಜೆ ಹಾಕುವಾಗ ಫೋನು ಟಿಣ್ ಎಂದಿತು. ಮೂಗೂರಿನ ಹೆಂಗಸೊಬ್ಬರು ಬರೆದಿದ್ದರು:

"ಅಕ್ಕ, ನಟ್ಟನಡುವೆ ಚುಕ್ಕಿ ಯಾಕ್ ಮಡಗಿದ್ದೀರಿ? ನಮ್ಮೂರಲ್ಲಿ ಅಲ್ಲಿ ಚುಕ್ಕಿ ಮಡಗಕಿಲ್ಲ. ಅದು ಊವಿನ ಜಾಗ."

ಬೀದಿಯಲ್ಲೇ ನಿಂತುಬಿಟ್ಟೆ. ಚಿಕ್ಕಂದಿನಿಂದ ಆ ಜಾಗದಲ್ಲಿ ನಾನು ನೋಡಿದ್ದು ಹೂವನ್ನು. ಹೂವಿನ ಅಡಿ ಚುಕ್ಕಿ ಇದ್ದೇ ಇರುತ್ತದೆ ಅಂದುಕೊಂಡು, ಅದನ್ನು ಸುತ್ತಲು ಹೋಗಿ ಎಳೆಯನ್ನು ಎರಡು ಮಾಡುತ್ತಿದ್ದೆ. ಕುಣಿಯುವುದೊಂದು ಬಾಕಿ. ಅಲ್ಲೇ ನಿಂತು ದೊಡ್ಡ ತಾಣದ ಖಾತೆ ಅಳಿಸಿದೆ. ನಿಜವಾಗಿಯೂ ಹೋಗುತ್ತೀರಾ ಎಂದು ಅದು ಮೂರು ಸಲ ಕೇಳಿತು. ಮುನ್ನೂರು ಮೆಚ್ಚುಗೆ ಬಿಡ್ತೀಯಾ ಎಂದು ನನ್ನ ಮನಸ್ಸೂ ಜಗಳಕ್ಕೆ ನಿಂತಿತು. ಆದರೂ ಮೂರು ಸಲವೂ ಹೌದು ಎಂದು ಒತ್ತಿದೆ.

ಮರುದಿನ ಬೆಳಗಾಗುವುದನ್ನೇ ಕಾದಿದ್ದು ಅಂಗಳ ಸಾರಿಸಿ, ನಡುವಿನ ಜಾಗ ಖಾಲಿ ಬಿಟ್ಟು ಚುಕ್ಕಿ ಇಟ್ಟೆ. ಚುಕ್ಕಿಗಳನ್ನು ಬಳಸಿ ಎಳೆ ಎಳೆಯುತ್ತಾ ಹೋದೆ. ಅದು ಹೊರಟಲ್ಲಿಗೇ ಬಂದು ಕೂಡಿತು.

ಅವ್ವ ಹೊಸ್ತಿಲು ದಾಟಿ ಬಂದು, ಕೋಲಿನ ತುದಿಯನ್ನು ನೆಲಕ್ಕೆ ತಾಗಿಸದೆ ಎಳೆಯುದ್ದಕ್ಕೂ ಆಡಿಸಿದಳು. ಒಂದು ಸುತ್ತು ಮುಗಿದು ಕೋಲು ಹೊರಟ ಜಾಗದಲ್ಲೇ ನಿಂತಿತು. ಈ ಸಲ ಎಷ್ಟು ಜನ ಮೆಚ್ಚಿದರು ಎಂದು ಕೇಳಲಿಲ್ಲ.

"ನಿಂತ್ಕಂಡು ಏನ್ ನೋಡ್ತೀಯೆ," ಎಂದಳು. "ಹಿತ್ಲಿಗೆ ಓಗಿ ಊವ ಕಿತ್ಕಂಡ್ ಬಾ."