ಕಾಲು ಗೆರೆಯೊಳಗಿತ್ತಾ?

“ಅಮ್ಮಾ, ವಾಸ್ ಮೈ ಫುಟ್ ಇನ್?”

ಹಿಂದಿನ ಸೀಟಿನಿಂದ ಅದಿತಿ ಹೀಗೆ ಕೇಳಿದಾಗ ನಮ್ಮ ಕಾರು ಇನ್ನೂ ಶಿಕಾಗೋ ಟ್ರಾಫಿಕ್‌ನಲ್ಲೇ ಸಿಕ್ಕಿಕೊಂಡಿತ್ತು. ಹೋದ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ.

ಅದಿತಿ ನಮ್ಮ ಮಗಳು, ಒಂಬತ್ತನೇ ಕ್ಲಾಸು. ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಾಳೆ. ಅದೇ ಅಮೆರಿಕನ್ ಫುಟ್‌ಬಾಲ್, ಆದರೆ ಗುದ್ದಿ ಬೀಳಿಸುವಂತಿಲ್ಲ. ಸೊಂಟಕ್ಕೆ ಕಟ್ಟಿಕೊಂಡ ಪಟ್ಟಿ ಎಳೆದರೆ ಸಾಕು. ಹೆಲ್ಮೆಟ್ ಕೂಡ ಬೇಡ. ಪೆಟ್ಟು ಬೀಳುವುದಿಲ್ಲ ಅಂತಲೇ ನಾನು ಒಪ್ಪಿದ್ದು.

ಟೂರ್ನಮೆಂಟ್‌ಗೆಂದು ಮಿಶಿಗನ್‌ನ ನಮ್ಮ ಊರು ರಾಚೆಸ್ಟರ್ ಹಿಲ್ಸ್‌ನಿಂದ ಶಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಹೋಗಿದ್ದೆವು. ಕೊನೆಯ ಮ್ಯಾಚು, ಕೊನೆಯ ನಿಮಿಷ. ಅದಿತಿ ಸೈಡ್‌ಲೈನ್ ಪಕ್ಕದಲ್ಲೇ ಓಡಿ, ಹಾರಿ, ಚೆಂಡು ಹಿಡಿದು ಗೆರೆಯಾಚೆ ಬಿದ್ದಳು. ಚೆಂಡು ಹಿಡಿದಾಗ ಕಾಲು ಗೆರೆಯೊಳಗೆ ಊರಿರಲಿಲ್ಲ ಎಂದು ರೆಫರಿ ಔಟ್ ಅಂದ. ಕ್ಯಾಚ್ ಲೆಕ್ಕಕ್ಕೆ ಬರಲಿಲ್ಲ. ಸೋತೆವು.

ಅಪ್ಪ ಅಮ್ಮಂದಿರೆಲ್ಲ ಎದ್ದು ನಿಂತು ಕೂಗಾಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಅದಿತಿ ತಾನಾಗಿ ಎದ್ದು ಹೋಗಿ ಬೆಂಚಿನ ಮೇಲೆ ಕೂತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ... ಎಲ್ಲರ ಕಣ್ಣೂ ಆ ಬಿಳಿ ಗೆರೆಯ ಮೇಲೆ.

ಕಾರಿನಲ್ಲೂ ಅದೇ ವಾದ. ನನ್ನ ಗಂಡ ಸುಧೀರ್ ಭಾನುವಾರ ಟಿವಿ ಮುಂದೆ ಕೂತು ಫುಟ್‌ಬಾಲ್ ಕಲಿತವನು.

“ಎರಡೂ ಕಾಲು ಒಳಗೆ ಊರ್ಬೇಕು ಕಣೇ. ಇವಳು ಊರಿದ್ದು ಒಂದೇ.”

“ಅದು ನಿನ್ನ ಟಿವಿ ಟೀಮ್‌ಗಳಿಗೆ. ಸ್ಕೂಲ್ ಆಟದಲ್ಲಿ ಒಂದು ಕಾಲು ಸಾಕು.”

“ಆ ಒಂದೂ ಗೆರೆ ಮುಟ್ಟಿತ್ತು. ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗ ಮುಟ್ಟಿ ಕ್ಯಾಚ್ ಹಿಡಿದ್ರೆ ಔಟ್ ಕೊಡ್ತಾರಾ?”

“ವಿಡಿಯೋ ಮಾಡಿದೀನಿ, ತಾಳು. ತೋರಿಸ್ತೀನಿ. ಒಳಗಿತ್ತು ಅದಿತಿ, ನೀನು ತಲೆ ಕೆಡಿಸ್ಕೋಬೇಡ.”

ಇಂಡಿಯಾನಾದಲ್ಲಿ ಕಾರಿಗೆ ಗ್ಯಾಸ್ ಹಾಕಿಸಲು ನಿಂತಾಗ ಅವಳು ಮತ್ತೆ ಕೇಳಿದಳು. “ಅಮ್ಮಾ, ವಾಸ್ ಮೈ ಫುಟ್ ಇನ್?”

“ನೂಲಿನಂತೆ ಸೀರೆ! ಹಿಡಿದಿದ್ದು ಬಿಡಲ್ಲ, ಥೇಟ್ ನಿನ್ನ ಹಾಗೇ,” ಎಂದು ಸುಧೀರ್ ನಕ್ಕ. ನನಗೂ ಒಳಗೊಳಗೇ ಹೆಮ್ಮೆ. ಒಳಗಿತ್ತು ಎಂದು ಮತ್ತೆ ಹೇಳಿದೆ.

ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆ ಅವಳು ಮುಟ್ಟಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದು ಹೂಡಿಯ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡಳು. ಸೋತ ಸಿಟ್ಟು ಅಂದುಕೊಂಡೆವು.

ಮಿಶಿಗನ್ ಬೋರ್ಡ್ ದಾಟಿದ ಮೇಲೆ ಮೂರನೇ ಸಲ. ಅದೇ ಮಾತು, ಅದೇ ದನಿ. ಒಳಗಿತ್ತು ಅಂದೆ. ಆಮೇಲೆ ನಿದ್ದೆಹೋದಳು.

“ಮಲಗ್ಲಿ ಬಿಡು, ಸುಸ್ತಾಗಿದೆ,” ಎಂದ ಸುಧೀರ್. ನಾನು ಫೋನ್ ಕೈಗೆತ್ತಿಕೊಂಡೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಲೇಬೇಕು. ವಾರೆನ್‌ನ ಕಾರು ಕಂಪನಿಯೊಂದರಲ್ಲಿ ನಾನು ಮಾಡುವುದು, ಸುರಕ್ಷತೆಯ ಪರೀಕ್ಷೆಗೆ ಕಾರುಗಳನ್ನು ಬೇಕೆಂದೇ ಗೋಡೆಗೆ ಗುದ್ದಿಸಿ ತೆಗೆದ ವಿಡಿಯೋಗಳನ್ನು ನೋಡುವುದು. ಒಳಗೆ ಕೂರಿಸಿದ ಬೊಂಬೆಯ ತಲೆ ಎಲ್ಲಿ ಬಡಿಯಿತು, ಎಷ್ಟು ಚಿಮ್ಮಿತು ಎಂದು ಫ್ರೇಮ್ ಫ್ರೇಮಾಗಿ ಬರೆದಿಡುವುದು. ಹನ್ನೊಂದು ವರ್ಷದಿಂದ ಇದೇ ಕೆಲಸ.

ಅದೇ ಕಣ್ಣಿನಿಂದ ಮಗಳ ಕಾಲು ನೋಡತೊಡಗಿದೆ. ಜೂಮ್ ಮಾಡಿ ಹಿಂದೆ, ಮುಂದೆ, ಮತ್ತೆ ಹಿಂದೆ... ಸಿಕ್ಕಿತು! ಎಡಗಾಲಿನ ಶೂ ತುದಿ ಹಸಿರಿನ ಮೇಲಿದೆ. ಅದಕ್ಕೂ ಬಿಳಿ ಗೆರೆಗೂ ನಡುವೆ ಒಂದು ಬೆರಳಿನಷ್ಟು ಜಾಗ.

“ನೋಡಿದ್ಯಾ? ಒಳಗಿತ್ತು! ನಾನು ಹೇಳ್ಲಿಲ್ವಾ?”

ಗೆದ್ದ ಖುಷಿಯಲ್ಲಿ ಜೂಮ್ ತೆಗೆದು ವಿಡಿಯೋ ಪೂರ್ತಿ ಓಡಲು ಬಿಟ್ಟೆ. ಆಗ ಮಗಳು ಪೂರ್ತಿ ಕಂಡಳು.

ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಚಿಮ್ಮಿತು. ಮತ್ತೆ ಬಡಿಯಿತು. ಒಂದೆರಡು ಕ್ಷಣ ಅವಳ ಎರಡೂ ಕೈ ಗಾಳಿಯಲ್ಲಿ ಸೆಟೆದು ನಿಂತಿದ್ದವು.

ಅವಳು ಮೂರು ಸಲ ಕೇಳಿದ್ದು ಹಠಕ್ಕಲ್ಲ... ಮೊದಲು ಕೇಳಿದ್ದೇ ಅವಳಿಗೆ ನೆನಪಿರಲಿಲ್ಲ.

“ಅದಿತಿ... ಅದಿತಿ, ಏಳು ಪುಟ್ಟಿ.”

ಏಳುತ್ತಿಲ್ಲ. ಬೆಲ್ಟ್ ಬಿಚ್ಚಿ ಹಿಂದಕ್ಕೆ ಬಾಗಿ ಅವಳ ಮೂಗಿನ ಹತ್ತಿರ ಕೈ ಹಿಡಿಯುತ್ತೇನೆ. ಓಡುವ ಕಾರಿನಲ್ಲಿ ಉಸಿರು ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಭುಜ ಹಿಡಿದು ಜೋರಾಗಿ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟಳು. ನಾವು ಎಲ್ಲಿಗೆ ಹೋಗಿದ್ವಿ, ಹೇಳು ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿದಳು.

“ಅಮ್ಮಾ... ವಾಸ್ ಮೈ ಫುಟ್ ಇನ್?”

“ಸುಧೀರ್, ಮುಂದಿನ ಎಕ್ಸಿಟ್ ತಗೋ. ಆಸ್ಪತ್ರೆಗೆ.”

ಅವನು ತಕ್ಷಣ ಲೇನ್ ಬದಲಿಸಿದ. ಏಳು ಮೈಲಿ ದೂರ. ಅಷ್ಟೂ ದಾರಿ ಅವಳು ಮತ್ತೆ ನಿದ್ದೆಹೋಗದ ಹಾಗೆ ಅಜ್ಜಿಯ ಹೆಸರು, ಬೆಕ್ಕಿನ ಹೆಸರು, ನಮ್ಮ ಮನೆಯಿರುವ ಸಬ್‌ಡಿವಿಷನ್ ಹೆಸರು ಕೇಳುತ್ತಾ ಹೋದೆ. ಅರ್ಧಕ್ಕೆ ಉತ್ತರ ಬಂತು, ಅರ್ಧಕ್ಕೆ ಇಲ್ಲ. ಗೊತ್ತಿರುವ ದೇವರನ್ನೆಲ್ಲ ಕರೆದೆ.

ಸ್ಕ್ಯಾನ್‌ಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಕುರ್ಚಿಯಲ್ಲಿ ನಾವಿಬ್ಬರೂ ಕಾದೆವು.

ಡಾಕ್ಟರ್ ಬಂದು ರಕ್ತಸ್ರಾವ ಇಲ್ಲ ಎಂದಾಗ ಹೋದ ಜೀವ ಬಂದಂತಾಯಿತು. ಬಿದ್ದ ಪೆಟ್ಟಿನಿಂದ ಮಿದುಳು ಅಲುಗಿದೆ, ಕೆಲವು ವಾರ ವಿಶ್ರಾಂತಿ ಬೇಕು ಎಂದರು. ಆಮೇಲೆ ಕೇಳಿದರು, ಬಿದ್ದ ಮೇಲೆ ಅವಳಲ್ಲಿ ಏನಾದರೂ ವ್ಯತ್ಯಾಸ ಗಮನಿಸಿದಿರಾ?

ಅವಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು, ನಾವು ಉತ್ತರ ಯಾವುದು ಸರಿ ಎಂದು ಜಗಳವಾಡುತ್ತಿದ್ದೆವು ಎಂದೆ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಅದು ನಾನೇ. ಬೊಂಬೆಗಳ ತಲೆ ಕಾಯುವವಳಿಗೆ ಹೆತ್ತ ಮಗಳ ತಲೆ ಕಾಣಲಿಲ್ಲ.

ಈಗ ಅದಿತಿ ಚೆನ್ನಾಗಿದ್ದಾಳೆ, ಸ್ಕೂಲಿಗೂ ಹೋಗುತ್ತಿದ್ದಾಳೆ.

ನಿನ್ನೆ ಬೆಳಿಗ್ಗೆ ದೋಸೆ ತಿನ್ನುತ್ತಾ ತಲೆ ಎತ್ತಿ, “ಅಮ್ಮಾ, ವಾಸ್ ಮೈ ಫುಟ್ ಇನ್?” ಎಂದಳು. ಸುಧೀರ್ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

“ವಾಟ್? ಯು ಗೈಸ್ ನೆವರ್ ಟೋಲ್ಡ್ ಮಿ!” ಎಂದು ನಕ್ಕಳು.

ಹೇಳಿದ್ದೆವು. ಕಾರಿನಲ್ಲಿ, ಮೂರು ಸಲ.

ಉತ್ತರ ಗೊತ್ತಿದ್ದೂ ನನ್ನ ಬಾಯಿಂದ ಮೊದಲು ಬಂದದ್ದು ಇಷ್ಟೇ: “ಇವತ್ತು ಯಾವ ವಾರ, ಹೇಳು ಪುಟ್ಟಿ?”