ಕಾಲಿಡದ ಓಣಿಯ ವಿಚಾರಣೆ

ನವೆಂಬರ್ ೧೬, ಭಾನುವಾರ, ಬೆಳಿಗ್ಗೆ ಒಂಬತ್ತೂವರೆ. ಕಮಲಾಪುರದಲ್ಲಿ ಬಸ್ಸಿಳಿದು, ಚಿಕ್ಕಮ್ಮನ ಮನೆಗೆ ಹೋಗುವ ಎಡಗಡೆಯ ದಾರಿಯನ್ನು ಬಿಟ್ಟು ಮೊದಲ ಸಲ ಬಲಕ್ಕೆ ತಿರುಗಿದೆ.

ಇದಕ್ಕೆ ಕಾರಣ ನನ್ನ ಮೇಲೇ ಹುಟ್ಟಿದ ಅನುಮಾನ. ಕಲಬುರಗಿಯ ಬ್ರಹ್ಮಪುರದಲ್ಲಿ ಹುಟ್ಟಿ ಬೆಳೆದ ನಾನು ಎರಡೂ ಊರುಗಳನ್ನು ಬಲ್ಲೆನೆಂದು ಜಂಬ ಕೊಚ್ಚುತ್ತಿದ್ದೆ. ದಿನಚರಿ ತಿರುವಿಹಾಕಿದರೆ ವರ್ಷಪೂರ್ತಿ ಓಡಾಡಿದ್ದು ನಾಲ್ಕೇ ದಾರಿ: ಆಫೀಸು, ಸ್ಟೇಶನ್ ಬಜಾರ, ಕಿರಾಣಿ ಅಂಗಡಿ, ಚಿಕ್ಕಮ್ಮನ ಮನೆ. ಗಾಣದ ಎತ್ತು ದಿನಚರಿ ಬರೆದಿದ್ದರೂ ಹೀಗೇ ಇರುತ್ತಿತ್ತು. ಹಾಗಾಗಿ ಇನ್ನು ಮುಂದೆ ಭಾನುವಾರಕ್ಕೊಂದು ಹೊಸ ಓಣಿ ಎಂದು ಗೊತ್ತುಮಾಡಿಕೊಂಡಿದ್ದೇನೆ.

ಹಳೆಯ ಊರುಗಳ ಓಣಿಗಳು ಅಂಕುಡೊಂಕಾಗಿರುವುದು ಶತ್ರುವಿನ ಕುದುರೆ ಓಡಬಾರದೆಂದು ಎನ್ನುತ್ತಾರೆ. ನಾನು ನಂಬುವುದಿಲ್ಲ. ಬಂದವರನ್ನು ಕಟ್ಟೆಯ ಮೇಲೆ ಕೂತವರು ಸಾವಕಾಶವಾಗಿ ನೋಡಲೆಂದೇ ಹಾಗೆ ಕಟ್ಟಿರಬೇಕು. ಓಣಿ ನೋಡಲು ಹೋದವಳನ್ನು ಓಣಿಯೇ ನೋಡತೊಡಗಿತು.

"ಯಾರ ಮನಿಗಿ ಬಂದೀರಿ, ತಂಗಿ?" ಬಾಗಿಲಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಹೆಂಗಸು ಕೇಳಿದರು.

"ಯಾರ ಮನಿಗೂ ಇಲ್ರೀ. ಸುಮ್ನ ಓಣಿ ನೋಡ್ಲಿಕ್ಕ."

"ಸುಮ್ನ!" ಎದುರುಮನೆಯ ಮುದುಕಿ ನಕ್ಕಳು. "ಕಲಬುರಗಿಯವರೇನು?"

"ಹೌದ್ರಿ, ಬ್ರಹ್ಮಪುರ."

ಮೊರ ಕೆಳಗಿಳಿಯಿತು. ನಮ್ಮ ಕಡೆ ಹೆಣ್ಣು ನೋಡಿಹೋದ ಮೇಲೆ ಗಂಡಿನವರು ಗುರುತಿಲ್ಲದ ಯಾರನ್ನಾದರೂ ಹೆಣ್ಣಿನ ಓಣಿಗೆ ಕಳಿಸಿ, ನೆರೆಹೊರೆಯಲ್ಲಿ ಗುಟ್ಟಾಗಿ ವಿಚಾರಿಸುವ ರೂಢಿಯುಂಟು. ಈ ಮನೆಯ ಮಗಳು ಸುನಂದಾಳನ್ನು ಹೋದ ವಾರ ನೋಡಿಹೋದ ಗಂಡು ಬ್ರಹ್ಮಪುರದವನೇ ಎಂದು ಆಮೇಲೆ ತಿಳಿಯಿತು. ವಿಚಾರಿಸಲು ಬಂದವರು ಎಂದೂ ಒಪ್ಪಿಕೊಳ್ಳುವುದಿಲ್ಲವಾದ್ದರಿಂದ, ನಾನು ಅಲ್ಲವೆಂದಷ್ಟೂ ಅವರಿಗೆ ಖಾತ್ರಿಯಾಯಿತು. ಛಾ ಬಂತು. ಕೆಂಪು ಬಾಳೆಹಣ್ಣು ಬಂತು.

"ಹುಡುಗಿ ಬಂಗಾರ ಅದಾಳ್ರೀ," ಮುದುಕಿ ಕೇಳದೆಯೇ ಸಾಕ್ಷಿ ನುಡಿದಳು. "ದಿನಾ ಕೆಲಸಕ್ಕ ಕಲಬುರಗಿಗಿ ಹೋಗಿ ಬರ್ತಾಳ, ಅದೊಂದ..."

"ಅದೊಂದ ಯಾನಬೇ?" ತಾಯಿ ಗುಡುಗಿದರು.

"ಅದೊಂದ ಭಾಳ ಛೊಲೋ ಅಂತ ಹೇಳಾಕತ್ತಿದ್ನೆವ್ವಾ!"

ಸುನಂದಾ ನನ್ನನ್ನು ತಿರುವಿನವರೆಗೆ ಕಳಿಸಲು ಬಂದಳು. "ಅಕ್ಕಾ, ನೀವು ಅವರ ಕಡೆಯವರಲ್ಲ, ನನಗ ಗೊತ್ತದ. ಅವರ ಕಡೆಯಾಕಿ ನಿನ್ನೇನೇ ಬಂದಿದ್ಲು, ಬಾಂಡೆ ಸಾಮಾನ ಮಾರಾಕಿ ಹಂಗ. ಒಂದ ಪಾತೇಲಿನೂ ತೋರಿಸ್ಲಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

"ಬರೋ ಭಾನುವಾರ ಹಿರಿಯರು ಮಾತು ಮುಗಿಸ್ತಾರ. ನನ್ನ ಬಗ್ಗೆ ಊರೆಲ್ಲಾ ಕೇಳ್ಯಾರ. ಅವನ ಬಗ್ಗೆ ಯಾರು ಕೇಳ್ಯಾರ್ರೀ? ಗಂಡಿನ ಓಣಿಗಿ ಹೋಗಿ ಕೇಳಿದ್ರ ಸಂಬಂಧ ಮುರೀತದ ಅಂತಾನ ನಮ್ಮಪ್ಪ. ನೀವು ಹೆಂಗೂ ಓಣಿ ನೋಡ್ತೀರಲ್ಲ, ನಿಮ್ಮ ಬ್ರಹ್ಮಪುರದ ಬೇವಿನ ಗಿಡದ ಓಣೀನೂ ನೋಡ್ರಿ. ಅವನದು ಹಸಿರು ಬಾಗಿಲದ ಮನಿ."

ಬೇವಿನ ಮರದ ಓಣಿ ನಮ್ಮ ಮನೆಯ ಹಿಂದೆಯೇ ಇದೆ. ಅದರ ಬಾಯಿಯ ಮುಂದೆ ದಿನವೂ ಹಾದುಹೋಗುವ ನಾನು ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಸಂಜೆ ಕಾಲಿಟ್ಟೆ. ಹಸಿರು ಬಾಗಿಲ ಮನೆಯ ಹುಡುಗ ಹೇಗೆ ಎಂದು ಇಸ್ತ್ರಿ ಅಂಗಡಿಯವನನ್ನು ಕೇಳಿದೆ: "ಭಾಳ ಛೊಲೋ ಹುಡುಗ." ನೀರು ಹಿಡಿಯುತ್ತಿದ್ದವಳೂ "ಭಾಳ ಛೊಲೋ ಹುಡುಗ" ಎಂದಳು. ಹೂ ಕಟ್ಟುತ್ತಿದ್ದ ಅಜ್ಜಿಯದೂ ಅದೇ ಮೂರು ಮಾತು, ಒಂದೂ ಹಿಂದುಮುಂದಾಗದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಏನು ಓದಿದ್ದಾನೆ, ಎಲ್ಲಿ ಕೆಲಸ ಎಂದರೆ ಎಲ್ಲರಿಗೂ ಒಮ್ಮೆಲೇ ಕೈತುಂಬ ಕೆಲಸ. ಇಡೀ ಓಣಿ ಹೊಗಳುವ ಮನುಷ್ಯನಲ್ಲಿ ಹೇಳಿಕೊಳ್ಳಲು ಒಂದಾದರೂ ಸಣ್ಣ ಕುಂದು ಬೇಡವೇ? ಬೆಳಿಗ್ಗೆ ಎದ್ದು ಬೈಕಿನ ಹಾರ್ನ್ ಒತ್ತುತ್ತಾನೆ ಎಂದಾದರೂ ದೂರಬಹುದಿತ್ತು.

"ನೀವು ಯಾರ ಕಡೆಯವರವ್ವಾ?" ಅಜ್ಜಿ ಕೊನೆಗೆ ಕೇಳಿದಳು.

ಸುಮ್ಮನೆ ಬಂದೆ ಎನ್ನಲು ಬಾಯಿ ಬರಲಿಲ್ಲ. "ಹೆಣ್ಣಿನ ಕಡೆಯಾಕಿರೀ," ಎಂದೆ.

ಇಸ್ತ್ರಿಯ ಕೈ ನಿಂತಿತು. ನೀರಿನ ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ತಿರುವಲಿಲ್ಲ. ಹಸಿರು ಬಾಗಿಲು ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡಿತು. ಅದು ಅಪರಾಧದ ಮೌನವೋ, ಬರೀ ಆಶ್ಚರ್ಯದ್ದೋ ನಾನರಿಯೆ. ಹೆಣ್ಣಿನ ಕಡೆಯವರು ಹೀಗೆ ಬಂದು ಕೇಳಿದ್ದನ್ನು ಆ ಓಣಿಯೂ ಮೊದಲ ಸಲವೇ ನೋಡುತ್ತಿರಬೇಕು.

ಹುಡುಗ ಒಳ್ಳೆಯವನೇ ಇರಬಹುದು. ಆದರೆ ಆ ಓಣಿಯನ್ನು ಬಲ್ಲವರು 'ಭಾಳ ಛೊಲೋ' ಎಂಬುದಕ್ಕಿಂತ ಒಂದು ಮಾತು ಹೆಚ್ಚು ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಹೊಗಳಿಕೆಯಾದರೂ ಸರಿ, ವಿವರ ಇರಲಿ. ಶನಿವಾರದೊಳಗೆ ತಲುಪಬೇಕು.