ಕರುಳಿಗೆ ಕೆಂಪು ತುಂಬುವ ತುಕಾರಾಮ

ಆಗಷ್ಟೇ ಬೆಳಕು ಹರಿಯುತ್ತಿದೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದ ತುಕಾರಾಮ, ಕಲಬುರಗಿಯ ವೈದ್ಯಕೀಯ ಕಾಲೇಜೊಂದರ ಹಿಂಬದಿ ಕೋಣೆಯಲ್ಲಿ ಬಿಸಿನೀರಿನ ಬೋಗುಣಿ ಮುಂದಿಟ್ಟುಕೊಂಡು ಕೂತಿದ್ದಾರೆ. ಬೋಗುಣಿಯೊಳಗಿನ ಸೀಸೆಯಲ್ಲಿ ಕೆಂಪು ಬೆರೆಸಿದ ರಬ್ಬರಿನ ಹಾಲಿದೆ. ಎದುರಿನ ತಟ್ಟೆಯಲ್ಲಿ ದೇಹದಾನ ಮಾಡಿದ ಶಾಲಾ ಮಾಸ್ತರರ ಕರುಳು. ಕೆಲಸಕ್ಕೆ ಮುಂಚೆ ಕೈಮುಗಿದು ಮಾತಾಡಿಸುವುದು ಇವರ ಪದ್ಧತಿ. "ಸುರು ಮಾಡ್ತೇನ್ರಿ ಮಾಸ್ತರ್ರೇ. ಸಿಟ್ಟಾಗಬ್ಯಾಡ್ರಿ."

ವಿದ್ಯಾರ್ಥಿಗಳು ನೋಡಿ ಕಲಿಯಲೆಂದು ಕರುಳಿನ ರಕ್ತನಾಳಗಳಿಗೆ ಬಣ್ಣ ತುಂಬಿ ಗಾಜಿನ ಜಾಡಿಗೆ ಸೇರಿಸುವುದು ತುಕಾರಾಮರ ಕೆಲಸ. "ದೊಡ್ಡ ನಾಳ ಒಂದೇ ಬರ್ತದ್ರೀ, ಮುಂದ ಟೊಂಗಿ ಒಡೀತದ. ಟೊಂಗಿ ಟೊಂಗಿ ಕೂಡಿ ಕಮಾನು ಆಗ್ತಾವ. ಕಮಾನಿನಿಂದ ಸಣ್ಣ ಎಳಿ ಕರುಳಿಗೆ ಇಳೀತಾವ. ಒಂದು ಟೊಂಗಿ ಮುಚ್ಚಿದ್ರೂ ಬಾಜೂಕಿಂದು ರಕ್ತ ಕೊಡ್ತದ. ದೊಡ್ಡದೇ ಮುಚ್ಚಿತಂದ್ರ ಮಾತ್ರ ಮುಗೀತು."

ಕೈಯಿಂದ, ದೇಹ ಕೆಡದಂತೆ ಬಳಸುವ ಫಾರ್ಮಲಿನ್ ವಾಸನೆ ಹೋಗುವುದೇ ಇಲ್ಲ. ಪ್ರಾಣದಷ್ಟು ಇಷ್ಟವಿದ್ದ, ಕುರಿ ಕರುಳಿನ ಬೋಟಿ ಸಾರನ್ನೂ ಬಿಟ್ಟಿದ್ದಾರೆ. ಹೆಂಡತಿ ಸಪ್ನಾ ಬಾಗಿಲಲ್ಲೇ ಬಕೆಟ್ ನೀರು ಇಟ್ಟಿರುತ್ತಾರೆ. "ಮಂದಿ ಗಂಡಂದಿರು ಅತ್ತರ್ ಹಚ್ಕೊಂಡು ಬರ್ತಾರ. ನಮ್ಮೋರ ಸೆಂಟ್ ನೋಡ್ರಿ" ಎಂದು ಕಾಡುತ್ತಾರೆ.

ಇವತ್ತು ತುಕಾರಾಮರಿಗೆ ನಗುವ ಪುರುಸೊತ್ತಿಲ್ಲ. ಹಿಂದೊಂದು ಚಳಿಗಾಲದಲ್ಲಿ ಬಣ್ಣ ಗಟ್ಟಿಯಾಗಿದ್ದು ತಿಳಿಯದೆ, ಬೇರೊಬ್ಬ ದಾನಿಯ ಕರುಳಿಗೆ ಜೋರಾಗಿ ಒತ್ತಿದ್ದರು. ನಾಳ ಒಡೆದು ಕರುಳೆಲ್ಲ ಕೆಂಪು ರಾಡಿ. "ಅವರಿಗೆ ಮಣ್ಣೂ ಸಿಗಲಿಲ್ಲ, ಉಪಯೋಗಕ್ಕೂ ಬರಲಿಲ್ಲ. ನನಗ ಊಟ ಸೇರಲಿಲ್ಲರೀ." ಮಾಸ್ತರರನ್ನು ಮಣ್ಣು ಮಾಡಬೇಕೆಂದು ನೆಂಟರೆಲ್ಲ ಹಟ ಹಿಡಿದರೂ, ಗಂಡನ ಮಾತು ನಡೆಸಿ ದೇಹ ತಂದು ಒಪ್ಪಿಸಿದವರು ಪತ್ನಿ ವಿಮಲಾಬಾಯಿ. ಬಣ್ಣ ತುಂಬಿದ ಕರುಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಕೇಳಿಕೊಂಡು ಅನುಮತಿ ಪಡೆದಿದ್ದಾರೆ. ಮಧ್ಯಾಹ್ನ ಬರುತ್ತಾರೆ.

ಸಿರಿಂಜಿನ ಮೇಲೆ ಹೆಬ್ಬೆರಳು ಇಳಿಯುತ್ತದೆ. ಅರ್ಧಕ್ಕೆ ಬಣ್ಣ ನಿಲ್ಲುತ್ತದೆ. ಒತ್ತಿದರೆ ಹೋದೀತು, ಒಡೆದರೆ ಇನ್ನೊಂದಿಲ್ಲ. ತುಕಾರಾಮ ಕೈ ತೆಗೆದು, ಬಿಸಿ ಬಟ್ಟೆ ಹೊದಿಸಿ, ಗಡಿಯಾರ ನೋಡುತ್ತ ಕೂರುತ್ತಾರೆ. ಪಾಪ, ಹೆರಿಗೆ ಕೋಣೆಯ ಹೊರಗೆ ಕೂತ ಗಂಡನ ಹಾಗಿದ್ದಾರೆ. ಮತ್ತೆ ಮೆಲ್ಲಗೆ ಒತ್ತಿದಾಗ ಒಂದು ಕಮಾನು ಕೆಂಪಾಗುತ್ತದೆ, ಅದರ ಪಕ್ಕದ್ದು, ಅದರಾಚೆಯದು. ಕೊನೆಗೆ ಕೂದಲೆಳೆಯಂಥ ನಾಳಗಳೂ ತುಂಬುತ್ತವೆ. ಅವರು ಉಸಿರು ಬಿಡುತ್ತಾರೆ.

ಮಧ್ಯಾಹ್ನ ವಿಮಲಾಬಾಯಿ ತಟ್ಟೆಯ ಮೇಲೆ ಬಗ್ಗಿ ನೋಡುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. "ನಿನ್ನ ಖಾರ ತಿಂದು ಹೊಟ್ಟಿ ಸುಟ್ಟುಹೋಗ್ಯಾದ ಅಂತ ದಿನಾ ಗೊಣಗ್ತಿದ್ರು. ಎಷ್ಟು ಚಂದ ಅದ ನೋಡು." ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಇನ್ನ ಇವರದೇನು ಕೆಲಸಪ್ಪಾ?"

ತುಕಾರಾಮ ತಟ್ಟೆಗೆ ಬಟ್ಟೆ ಮುಚ್ಚುತ್ತ ಹೇಳುತ್ತಾರೆ, "ಜಾಡಿ ತಯಾರಾದ ಕೂಡ್ಲೇ ಕ್ಲಾಸ್ ಸುರು ಅವ್ವಾ. ಮಾಸ್ತರ್ರು ಕಲಿಸ್ತಾರ. ನಾ ಬಾಗಿಲು ತೆರೀತೀನಿ."